ಜೆರಾಕ್ಸ್ ಅಂಗಡಿಯವನು ಹೇಳಿದ್ದು

ಬರ್ಬ್ಯಾಂಕಿನ ಮ್ಯಾಗ್ನೋಲಿಯಾ ರಸ್ತೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಅಂಗಡಿ ನನ್ನದು.
ಪಕ್ಕದಲ್ಲಿ ವಿಗ್ಗು ಹೊಲಿಯುವವಳು, ಎದುರಿಗೆ ಡೋನಟ್ಟು.
ನಟರ ಮುಖ ನಾ ಕಂಡವನಲ್ಲ. ಕಂಡದ್ದು
ಬರೆಯುವವರ ಬೆರಳು:
ಉಗುರು ಕಚ್ಚಿದ್ದು, ಶಾಯಿ ಮೆತ್ತಿದ್ದು,
ಬಿಲ್ಲು ನೋಡಿ ಜೇಬೊಳಗೇ ತಡವರಿಸಿದ್ದು.

ಲೋವೆಲ್ ಪ್ಲಾಟ್ಕಿನ್ ಮೊದಲು ಬಂದಾಗ ಸಂಗಡ ವಿಲ್ಮಾ ಕ್ರಾಟ್ಜ್.
ಇಬ್ಬರಿಗೂ ಸೇರಿ ಒಂದು ಟೈಪ್‌ರೈಟರು,
ಬಾಗಿಲಿಗೆ ಹಗ್ಗ ಕಟ್ಟಿದ ಒಂದು ಕಾರು,
ನೂರಾ ಹದಿನಾಲ್ಕು ಪುಟ.
ಕತೆ ಇಷ್ಟೇ: ಒಬ್ಬ ಅಪ್ಪ, ಮೂರು ಮಕ್ಕಳು,
ಬಚ್ಚಲ ತೊಟ್ಟಿಯಲ್ಲಿ ಅವರು ಬಚ್ಚಿಟ್ಟ ಒಂದು ಕಡಲಸಿಂಹ.
ಪ್ರತಿ ತೆಗೆಯುತ್ತ ತೆಗೆಯುತ್ತ ನಾನು ನಕ್ಕೆ.
ವಿಲ್ಮಾ ಕೇಳಿದಳು: "ಯಾವ ಪುಟಕ್ಕೆ?"

ಮೊದಲ ಪ್ರತಿ ಬಿಳಿ.
ಆಮೇಲೆ ತಿದ್ದಿದ ಪ್ರತಿ ಸಲಕ್ಕೂ ಒಂದು ಬಣ್ಣ, ಇಲ್ಲಿನ ರೂಢಿ ಅದು.
ನೀಲಿಯಲ್ಲಿ ಕಡಲಸಿಂಹ ಪೆಂಗ್ವಿನ್ ಆಯಿತು,
ಕಡಲಸಿಂಹದ ಏಜೆಂಟು ಜಾಸ್ತಿ ಕೇಳಿದನಂತೆ.
ಗುಲಾಬಿಯಲ್ಲಿ ಪೆಂಗ್ವಿನ್ ಬಾತಾಯಿತು.
ಹಳದಿಯಲ್ಲಿ ಬಾತು ನಾಯಿ.
ಹಸಿರಿನಲ್ಲಿ ಅಪ್ಪ ಒಳ್ಳೆಯವನಾದ.
"ಇನ್ನೂ ಸ್ವಲ್ಪ" ಎಂದರು ಸ್ಟುಡಿಯೋದವರು,
ಸಾರಿಗೆ ಉಪ್ಪು ಕೇಳಿದಂತೆ.
ಚಿನ್ನದ ಬಣ್ಣದಲ್ಲಿ, ತೊಂಬತ್ತನೇ ಪುಟಕ್ಕೆ ಸರಿಯಾಗಿ,
ಅವನು ಮಳೆಯಲ್ಲಿ ನಿಂತು ಮಕ್ಕಳ ಕ್ಷಮೆ ಕೇಳಿದ.
ಆ ಮಳೆ ಟ್ಯಾಂಕರಿನಲ್ಲಿ ಬಂತು.

ಚಿತ್ರ ಓಡಿತು. ಓಡಿದ್ದು ನಾಯಿಯಿಂದ ಎಂದರು.
ನಾನು ನೋಡಿದ್ದು ಇಬ್ಬರ ಹೆಸರ ನಡುವೆ
ಕಾಲು ಮಡಚಿ ಕೂತ ಪೋರನಂಥ ಆ ಗುರುತು: &
ಅಂದರೆ, ಒಂದೇ ಮೇಜಿಗೆ ಕೂತು ಬರೆದವರು.
"ಮತ್ತು" ಎಂದು ಅಕ್ಷರದಲ್ಲಿ ಬಂದರೆ ಲೆಕ್ಕ ಬೇರೆ:
ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂತರು.
ಇದನ್ನು ನನಗೆ ಲೋವೆಲ್ಲೇ ಕಲಿಸಿದ್ದು,
ಸ್ಟೇಪ್ಲರಿಗೆ ಪಿನ್ನು ತುಂಬುತ್ತ.

ಎರಡನೇ ಭಾಗ ಬಂತು, ನಾಯಿಗೆ ಮದುವೆ.
ಮೂರನೆಯದಕ್ಕೆ ಅವನೊಬ್ಬನೇ ಬಂದ.
ಬೆಲ್ಟಿನ ತೂತು ಎರಡು ಹಿಂದಕ್ಕೆ ಸರಿದಿತ್ತು.
ನಾನು ಕೇಳಲಿಲ್ಲ. ಅಂಗಡಿಯವನು ಕೇಳಬಾರದು.
ವಾರವಾದ ಮೇಲೆ ಸ್ಟುಡಿಯೋದಿಂದ ಚೆರಿ ಬಣ್ಣದ ಪುಟ ಬಂತು,
ಅವನು ಬರೆದದ್ದನ್ನು ರಿಪೇರಿ ಮಾಡಲು ಕರೆದದ್ದು ವಿಲ್ಮಾಳನ್ನು.
ಮೊದಲ ಹಾಳೆ: ಲೋವೆಲ್ ಪ್ಲಾಟ್ಕಿನ್ ಮತ್ತು ವಿಲ್ಮಾ ಕ್ರಾಟ್ಜ್.

ಅವನು ಕೌಂಟರಿಗೆ ಒರಗಿ ಓದಿದ.
ಮೆಷಿನ್ನು ನಿಂತಿತು, ನಾನು ಮತ್ತೆ ಹಾಕಲಿಲ್ಲ.
ಹನ್ನೊಂದನೇ ಪುಟದಲ್ಲಿ ಮೂಗಿನಿಂದ ಒಂದು ಸದ್ದು,
ಇಪ್ಪತ್ತರಲ್ಲಿ ತಡೆಯಲಾರದೆ ನಕ್ಕ,
ಎದುರಿನ ಡೋನಟ್ಟಿನವ ತಿರುಗಿ ನೋಡುವಷ್ಟು.
ತೊಟ್ಟಿಯಲ್ಲಿ ಕಡಲಸಿಂಹ ವಾಪಸು ಬಂದಿತ್ತು.
"ವಹಾನ್," ಎಂದ ಕಣ್ಣೊರೆಸಿಕೊಂಡು,
"ನಾಳೆ ಇದನ್ನು ಕಿತ್ತು ಹಾಕುತ್ತಾರೆ. ನನಗೊಂದು ಪ್ರತಿ ಕೊಡು."
ಕಿತ್ತು ಹಾಕಿದರು.

ಈಗ ಸ್ಕ್ರಿಪ್ಟುಗಳು ಫೋನಿನಲ್ಲೇ ಬಣ್ಣ ಬದಲಿಸುತ್ತವೆ.
ಚಿನ್ನದ ಬಣ್ಣದ ಉಳಿದ ಹಾಳೆಯಲ್ಲಿ
ನನ್ನ ಹೆಂಡತಿ ಸಿರ್‌ವಾರ್ಡ್ ತರಕಾರಿಯ ಪಟ್ಟಿ ಬರೆಯುತ್ತಾಳೆ.
ಹೋದ ಮಾರ್ಚಿನಲ್ಲಿ ಲೋವೆಲ್ ಬಂದಿದ್ದ, ಊರುಗೋಲು ಹೊಸದು.
ಎಲ್ಲೋ ಯಾವ ದೇಶದ್ದೋ ಟಿವಿಯಲ್ಲಿ ನಾಯಿ ಮತ್ತೆ ಓಡಿದ್ದಕ್ಕೆ
ಅವನ ಪಾಲಿನ ಚೆಕ್ಕು: ಹದಿನಾಲ್ಕು ಸೆಂಟು.
ಪ್ರತಿಗೆ ನನ್ನ ದರ ಹನ್ನೆರಡು.
"ಎರಡು ಸೆಂಟು ಲಾಭ," ಎಂದ. ಆಮೇಲೆ,
"ಎರಡು ಪ್ರತಿ ತೆಗಿ. ಒಂದು ಅವಳಿಗೆ.
ಅವಳಿಗೂ ಹದಿನಾಲ್ಕೇ ಬಂದಿರುತ್ತದೆ, ಆದರೂ."

ನಾನು ಅವನಿಗೆ ಹೇಳದ್ದೊಂದಿದೆ.
ಮೊದಲ ದಿನ ಮೆಷಿನ್ನಿಗೆ ಸಿಕ್ಕಿ ಮುದುಡಿದ ಬಿಳಿ ಪುಟ,
ಮೂವತ್ತೇಳನೆಯದು, ಗಲ್ಲೆಯ ಕೆಳಗೆ ಇನ್ನೂ ಇದೆ.
ಅದರಲ್ಲಿ ಅಪ್ಪ ಬಚ್ಚಲ ಬಾಗಿಲು ತಟ್ಟುತ್ತಾನೆ,
"ಒಳಗೆ ಯಾರು?"
ಒಳಗೆ ಮೂರು ಮಕ್ಕಳು & ಒಂದು ಕಡಲಸಿಂಹ
ಉಸಿರು ಬಿಗಿಹಿಡಿದು ಕೂತಿವೆ.
ನಲ್ಲಿ ತೊಟ್ಟಿಕ್ಕುತ್ತಿದೆ.
"ಯಾರೂ ಇಲ್ಲ," ಎನ್ನುತ್ತದೆ ಸಣ್ಣದು.